5 ವ್ಯಾಟ್ ಆಂಪು, 12 ಇಂಚ್ ಸ್ಪೀಕರು, ಸಾಸಿವೆಕಾಳಿನಷ್ಟು ಅಂಟು

ನನ್ನ ಭಾಮೈದನ ಹತ್ರ ಗಿಟಾರಿಗೆ ಹಾಕೋ ಒಂದು ಪುಟ್ಟ ವಾಲ್ವ್ ಆಂಪ್ ಇದೆ. 5 ವ್ಯಾಟ್, ಒಳಗೆ 12ಎಎಕ್ಸ್7 ಒಂದು, 6ವಿ6 ಒಂದು, ಹೀಗೆ ಎರಡು ಗಾಜಿನ ವಾಲ್ವು, ಹೊರಗೆ ಎರಡು ನಾಬು, ಅಷ್ಟೇ ಅದರ ಸಂಸಾರ. ಅದೇ ಡಬ್ಬದೊಳಗೆ 8 ಇಂಚಿನ ಒಂದು ಸ್ಪೀಕರ್ ಕೂರಿಸಿದಾರೆ. ವರ್ಷಗಟ್ಲೆ ಅವನದು ಒಂದೇ ರಾಗ, "ಭಾವ, ಆಂಪ್ ಒಳ್ಳೇದೇ, ಆದ್ರೆ ಯಾರೋ ಬಕೆಟ್ ತಲೆ ಮೇಲೆ ಕವುಚಿಕೊಂಡು ಮಾತಾಡಿದ ಹಾಗೆ ಕೇಳ್ಸುತ್ತೆ." ದಪ್ಪ ತಂತಿ ಮೀಟಿದ್ರೆ ಮುದ್ದೆ ಮುದ್ದೆ, ಸಣ್ಣ ತಂತಿ ಮೀಟಿದ್ರೆ ಕಿವಿಗೆ ಸೂಜಿ, ಮಧ್ಯದಲ್ಲಿ ಒಂಥರಾ ಮೂಗಿನ ದನಿ. ವಾಲ್ವ್ ಬದಲಾಯಿಸಿದ, ಗಿಟಾರ್ ಪಿಕಪ್ ಬದಲಾಯಿಸಿದ, ಪೆಡಲ್ ಮೇಲೆ ಪೆಡಲ್ ಇಟ್ಟ, ದನಿ ಮಾತ್ರ ಬಕೆಟ್ಟಿನೊಳಗೇ ಇತ್ತು.

ಒಂದಿನ ಅವನ ಫ್ರೆಂಡ್ ಒಬ್ಬನ 12 ಇಂಚಿನ ಕ್ಯಾಬಿನೆಟ್ಟಿಗೆ, ಅಂದ್ರೆ ಬರೀ ಸ್ಪೀಕರ್ ಇರೋ ಡಬ್ಬಕ್ಕೆ, ಇದೇ ಆಂಪ್ ಸಿಗಿಸಿ ನೋಡಿದ್ವಿ. ಇಲ್ಲೇ ಒಂದು ಮಾತು ಹೇಳ್ಬಿಡ್ತೀನಿ, ವಾಲ್ವ್ ಆಂಪನ್ನ ಪೂರ್ತಿ ಆಫ್ ಮಾಡದೆ ಸ್ಪೀಕರ್ ವೈರ್ ಕೀಳ್ಬೇಡಿ, ಸ್ಪೀಕರ್ ಇಲ್ಲದೆ ಆನ್ ಮಾಡಿ ಮೀಟೋದಂತೂ ಬೇಡ್ವೇ ಬೇಡ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ತುಂಬಿಕೊಂಡಿರೋ ಶಕ್ತಿಗೆ ಹೋಗಕ್ಕೆ ದಾರಿ ಇಲ್ಲ ಅಂದ್ರೆ ವೋಲ್ಟೇಜ್ ಎಲ್ಲೆಲ್ಲೋ ಏರಿ ವೈಂಡಿಂಗ್ ಒಳಗೋ ವಾಲ್ವ್ ಸಾಕೆಟ್ಟಲ್ಲೋ ಕಿಡಿ ಹಾರುತ್ತೆ, ಆಮೇಲೆ ಟ್ರಾನ್ಸ್‌ಫಾರ್ಮರ್ ಗತಿ ಗೋವಿಂದ. ಟ್ರಾನ್ಸಿಸ್ಟರ್ ಆಂಪಲ್ಲಿ ಹೆಚ್ಚುಕಮ್ಮಿ ಇದು ಉಲ್ಟಾ, ಅಲ್ಲಿ ಸ್ಪೀಕರ್ ಇಲ್ದಿದ್ರೆ ಪರವಾಗಿಲ್ಲ, ಶಾರ್ಟ್ ಆದ್ರೆ ಕಷ್ಟ. ಆ ಅಭ್ಯಾಸದಲ್ಲೇ ಇಲ್ಲೂ ಮಾಡಕ್ಕೆ ಹೋಗಿ ಸುಟ್ಟುಕೊಂಡೋರು ಬೇಕಾದಷ್ಟು ಜನ ಇದಾರೆ. ಸರಿ, ಆಫ್ ಮಾಡಿ, ಬದಲಾಯಿಸಿ, ಆನ್ ಮಾಡಿ, ಒಂದು ಇ ಕಾರ್ಡ್ ಹೊಡೆದ. ಇಬ್ರೂ ಮುಖ ಮುಖ ನೋಡ್ಕೊಂಡ್ವಿ. ಅದೇ ಆಂಪು, ಅದೇ ಗಿಟಾರು, ದನಿ ಮಾತ್ರ ಬೇರೆ ಯಾರದ್ದೋ. "ಭಾವ, ನೀವೇ ಒಂದು ಕಟ್ಕೊಡಿ" ಅಂದ. ನಂಗೆ ಮರದ ಕೆಲಸ ಸ್ವಲ್ಪ ಬರುತ್ತೆ ಅನ್ನೋದು ಅವನಿಗೆ ಗೊತ್ತು, ಎಷ್ಟು ಸ್ವಲ್ಪ ಅನ್ನೋದು ಗೊತ್ತಿರ್ಲಿಲ್ಲ.

ಮೊದಲು ಹಳೇ ಡಬ್ಬ ಯಾಕೆ ಹಂಗೆ ಕೂಗುತ್ತೆ ಅಂತ ಟೇಪ್ ಹಿಡಿದು ನೋಡ್ದೆ. ಒಳಗಿನ ಅಗಲ 32 ಸೆಂಟಿಮೀಟರ್, ಎತ್ತರ 31. ಎದುರುಬದುರು ಇರೋ ಎರಡು ಹಲಗೆ ಮಧ್ಯೆ ಸದ್ದು ಓಡಾಡ್ತಾ ಇರುತ್ತಲ್ಲ, ಆ ದೂರದ ಎರಡರಷ್ಟು ಉದ್ದದ ಅಲೆ ಅಲ್ಲೇ ಸಿಕ್ಕಿಹಾಕ್ಕೊಂಡು ಮೊಳಗುತ್ತೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಅದನ್ನ 0.64ರಿಂದ ಭಾಗಿಸಿದ್ರೆ 536 ಹರ್ಟ್ಜ್, ಎತ್ತರದ ಲೆಕ್ಕ ಹಾಕಿದ್ರೆ 553. ಎರಡೂ ಒಂದರ ಪಕ್ಕ ಒಂದು! ಮೂಗಿನ ದನಿ ಬರೋ ಜಾಗದಲ್ಲೇ ಅಗಲನೂ ಎತ್ತರನೂ ಸೇರಿಕೊಂಡು ಜೋಡಿ ಕಹಳೆ ಊದ್ತಾ ಇದ್ವು. ಇನ್ನು ದಪ್ಪ ತಂತಿದು ಬೇರೆ ಕತೆ. ಗಿಟಾರಿನ ತಳದ ಇ ಅಂದ್ರೆ 82 ಹರ್ಟ್ಜ್, ಅದರ ಅಲೆ ನಾಲ್ಕು ಮೀಟರಿಗಿಂತ ಉದ್ದ. ಹಿಂದೆ ತೆರೆದ ಡಬ್ಬದಲ್ಲಿ ಸ್ಪೀಕರಿನ ಅದುರೋ ಕೋನ್ ಮುಂದೆ ತಳ್ಳಿದ ಗಾಳಿ ಮತ್ತೆ ಹಿಂದೆ ಎಳೆದ ಗಾಳಿ ಒಂದಕ್ಕೊಂದು ಉಲ್ಟಾ, ಡಬ್ಬ ಚಿಕ್ಕದಿದ್ರೆ ಹಿಂದಿನದು ಸುತ್ತಿ ಮುಂದೆ ಬಂದು ಮುಂದಿನದನ್ನ ನುಂಗಿಹಾಕುತ್ತೆ. ಡಬ್ಬ ದೊಡ್ಡದಾದಷ್ಟೂ ಸುತ್ತು ಬಳಸಿ ಬರೋ ದಾರಿ ಉದ್ದ ಆಗುತ್ತೆ, ನುಂಗೋದು ಇನ್ನೂ ಕೆಳಗಿನ ಸ್ವರಕ್ಕೆ ಇಳಿಯುತ್ತೆ.

ಸ್ಪೀಕರ್ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಸೆಲೆಶನ್ ಗ್ರೀನ್‌ಬ್ಯಾಕ್ 12 ಇಂಚು, 25 ವ್ಯಾಟ್, ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ರೆ ಎಷ್ಟು ಜೋರಾಗಿ ಕೂಗುತ್ತೆ ಅನ್ನೋದು) 98 ಡಿಬಿ. ಅದೇ ಕಂಪನಿಯ ವಿಂಟೇಜ್ 30 ಬೇಕು ಅಂತ ಅವನಿಗೆ ಆಸೆ, ಅದು 100 ಡಿಬಿ, 60 ವ್ಯಾಟ್, ಇನ್ನೂ ಜೋರಾಗೇ ಇರ್ತಿತ್ತು, ಆದ್ರೆ ಅದರ ಮೇಲ್ಮಧ್ಯದ ಚೂಪು ಈ ಆಂಪಿನ ಚೂಪಿಗೆ ಸೇರಿದ್ರೆ ಸೂಜಿ ಹೋಗಿ ದಬ್ಬಳ ಆಗುತ್ತೆ ಅಂತ ನಾನೇ ತಡೆದೆ. 3 ಡಿಬಿ ಜಾಸ್ತಿ ಸೆನ್ಸಿಟಿವಿಟಿ ಅಂದ್ರೆ ಆಂಪಿನ ವ್ಯಾಟ್ ಡಬಲ್ ಮಾಡಿದ ಹಾಗೆ, ಅದಕ್ಕೇ ಸಣ್ಣ ಆಂಪ್ ಇರೋರು ವ್ಯಾಟ್ ನೋಡೋ ಬದಲು ಆ ಡಿಬಿ ನಂಬರ್ ನೋಡ್ಬೇಕು. ಎಚ್ಚರ ಇರ್ಬೇಕಾದ್ದು ಓಮ್ಸ್ ಬಗ್ಗೆ, ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ. ಗ್ರೀನ್‌ಬ್ಯಾಕ್ 8ರಲ್ಲೂ ಬರುತ್ತೆ 16ರಲ್ಲೂ ಬರುತ್ತೆ, ನೋಡಕ್ಕೆ ಎರಡೂ ಒಂದೇ, ಇವನ ಆಂಪಿಗೆ ಬೇಕಾದ್ದು 8. ಬಂದ ಕೂಡ್ಲೇ ಮಲ್ಟಿಮೀಟರ್ ಇಟ್ಟೆ, 6.9 ತೋರಿಸ್ತು, ಸರಿಯಾಗಿದೆ. ಮೀಟರ್ ಬರೀ ತಂತಿಯ ರೆಸಿಸ್ಟೆನ್ಸ್ ತೋರ್ಸೋದರಿಂದ 8 ಓಮ್ಸ್ ಸ್ಪೀಕರ್ ಯಾವಾಗ್ಲೂ ಆರು ಏಳರ ಹತ್ರಾನೇ ತೋರ್ಸುತ್ತೆ, ಅದನ್ನ ನೋಡಿ ಸ್ಪೀಕರ್ ಖರಾಬು ಅಂತ ವಾಪಸ್ ಕಳ್ಸಿದ ಪುಣ್ಯಾತ್ಮರೂ ಇದಾರೆ.

ಮರದ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಒಂದು ವಾರ ಜಗಳ. ಅವನಿಗೆ ಪೈನ್ ಹಲಗೆನೇ ಆಗ್ಬೇಕು, ಫೆಂಡರ್ ಹಳೇ ಆಂಪುಗಳೆಲ್ಲ ಪೈನ್, ಅದಕ್ಕೇ ಆ ದನಿ ಅಂತ ವಾದ. ನಾನು, ಮಾರ್ಶಲ್‌ನವರು ಬರ್ಚ್ ಪ್ಲೈವುಡ್ಡಲ್ಲೇ ಕಟ್ಟಿ ಜಗತ್ತನ್ನೇ ಕಿವುಡು ಮಾಡ್ಲಿಲ್ವೇನೋ ಅಂದೆ. ಪೈನ್ ಹಗುರ, ತಾನೂ ಸ್ವಲ್ಪ ಅದುರಿ ದನಿಗೆ ಸೇರುತ್ತೆ, ನಿಜ. ಆದ್ರೆ ಅಗಲದ ಹಲಗೆ ಬಾಗದೆ ತಿರುಚದೆ ಸಿಗೋದು ಕಷ್ಟ, ಗಂಟು ಬಂದ ಕಡೆ ಸ್ಕ್ರೂ ನಿಲ್ಲಲ್ಲ. ಎಂಡಿಎಫ್ ಸಲೀಸಾಗಿ ಕತ್ತರಿಸಬಹುದು, ಆದ್ರೆ ಭಾರ, ಮೂಲೆ ಕುಕ್ಕಿದ್ರೆ ಪುಡಿ, ನೀರು ತಾಗಿದ್ರೆ ಊದ್ಕೊಳುತ್ತೆ, ಹೊತ್ತು ತಿರುಗೋ ಡಬ್ಬಕ್ಕೆ ಅಲ್ಲ. ಕೊನೆಗೆ 18 ಮಿಮೀ ಬರ್ಚ್ ಪ್ಲೈ ಅಂತ ಆಯ್ತು. ನಂಗೆ ಈಗ್ಲೂ ಅನ್ಸೋದು, ಆ ಒಂದು ವಾರ ದಂಡ. ಯಾಕೆ ಅಂತ ಮುಂದೆ ಬರುತ್ತೆ.

ಅಳತೆಗೆ ಮೊದಲು ಬರೆದಿದ್ದು ಒಳಗೆ ಅಗಲ 50, ಎತ್ತರ 43, ಆಳ 25. ಚಂದದ ನಂಬರು. ರಾತ್ರಿ ಮಲಗಿದಾಗ ಹೊಳೀತು, 50ಕ್ಕೆ 25 ಸರಿಯಾಗಿ ಅರ್ಧ. ಅಗಲದ ಮೊಳಗು 343 ಹರ್ಟ್ಜ್, ಅದರ ಎರಡನೇದು 686, ಆಳದ ಮೊದಲನೇದೂ 686. ಹಳೇ ಡಬ್ಬದ ರೋಗವನ್ನೇ ಹೊಸ ಡಬ್ಬಕ್ಕೆ ಕೈಯಾರೆ ಹಚ್ತಾ ಇದ್ದೆ. ಆಳ 27 ಮಾಡ್ದೆ, ಆಗ ಆಳದ್ದು 635, ಎತ್ತರದ್ದು 399, ಎಲ್ಲ ಬೇರೆ ಬೇರೆ ಕಡೆ. ಒಳಗಿನ ಜಾಗ ಒಟ್ಟು 58 ಲೀಟರ್.

ಪ್ಲೈ ಮಷೀನಲ್ಲಿ ನೇರ ಕತ್ತರಿಸಿಕೊಂಡೆ, ಬೆರಳು ಹೆಣೆದ ಹಾಗೆ ಮಾಡೋ ಫಿಂಗರ್ ಜಾಯಿಂಟ್ ನನ್ನ ಕೈಲಾಗಲ್ಲ, ಹಾಗಾಗಿ ನೇರ ಜೋಡಣೆ, ಒಳಮೂಲೆಗೆ ರೀಪು, ಅಂಟು, ಸ್ಕ್ರೂ. ನಾಲ್ಕು ಹಲಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿ ಮೂಲೆಯಿಂದ ಮೂಲೆಗೆ ಅಳೆದ್ರೆ ಒಂದು ಕಡೆ 71.2, ಇನ್ನೊಂದು ಕಡೆ 70.8. ಮೂಲೆಮಟ್ಟ ಇಟ್ಟು ನೋಡಿದ್ರೆ ಎಲ್ಲಾ ಮೂಲೆನೂ ಸರಿಯಾಗಿದೆ ಅಂತಿತ್ತು, ಆದ್ರೆ ಕರ್ಣ ಸುಳ್ಳು ಹೇಳಲ್ಲ. ಉದ್ದ ಇದ್ದ ಕರ್ಣದ ಮೇಲೆ ಇನ್ನೊಂದು ಕ್ಲ್ಯಾಂಪ್ ಹಾಕಿ ಮೆಲ್ಲಗೆ ಎಳೆದೆ, ಎರಡೂ 71ಕ್ಕೆ ಬಂತು, ಹಾಗೇ ರಾತ್ರಿಯಿಡೀ ಬಿಟ್ಟೆ.

ಮುಂದಿನ ಹಲಗೆಯ ತೂತು 283 ಮಿಮೀ. ದಾರ ಕಟ್ಟಿ ಪೆನ್ಸಿಲ್ ತಿರುಗಿಸಬೇಡಿ, ದಾರ ಹಿಗ್ಗಿ ಮೊಟ್ಟೆ ಆಕಾರ ಬರುತ್ತೆ. ಒಂದು ಪಟ್ಟಿ ಮರಕ್ಕೆ 141.5 ಮಿಮೀ ದೂರದಲ್ಲಿ ಒಂದು ಮೊಳೆ ಒಂದು ಪೆನ್ಸಿಲ್ ತೂತು ಮಾಡಿ ತಿರುಗಿಸಿದ್ರೆ ಆಯ್ತು, ಆಮೇಲೆ ಜಿಗ್‌ಸಾ. ಬೋಲ್ಟಿನ ವಿಷಯದಲ್ಲಿ ಸಿಕ್ಕಿಬಿದ್ದೆ. ಬೋಲ್ಟು ಕೂರೋ ವೃತ್ತ 297 ಮಿಮೀ, ತೂತು 283, ಅಂದ್ರೆ ಬೋಲ್ಟಿನ ನಡುವಿನಿಂದ ತೂತಿನ ಅಂಚಿಗೆ ಬರೀ 7 ಮಿಮೀ. ಟೀ ನಟ್, ಅಂದ್ರೆ ಮರಕ್ಕೆ ಹಲ್ಲು ಕಚ್ಚಿಸಿ ಕೂರಿಸೋ ನಟ್ಟು, ತಂದಿಟ್ಟಿದ್ದೆ, ಅದರ ಚಕ್ಕೆ ಅಷ್ಟು ಸಣ್ಣ ಜಾಗದಲ್ಲಿ ಕೂರ್ತಾನೇ ಇಲ್ಲ, ಅಂಚಿಂದ ಹೊರಗೆ ಇಣುಕುತ್ತೆ, ಸುತ್ತಿಗೆಲಿ ಒಂದೇಟು ಹಾಕಿದ್ದಕ್ಕೆ ಹಲ್ಲು ಪ್ಲೈ ಪದರ ಸೀಳಿಬಿಡ್ತು. ಆ ಸೀಳಿಗೆ ಅಂಟು ತುಂಬಿ, ಟೀ ನಟ್ ಪೊಟ್ಟಣಕ್ಕೆ ವಾಪಸ್ ಹಾಕಿ, ಮುಂದಿನಿಂದ ಚಪ್ಪಟೆ ತಲೆಯ ಬೋಲ್ಟ್ ಇಳಿಸಿ ಹಿಂದಿನಿಂದ ವಾಷರ್ ನಟ್ಟು ಹಾಕ್ದೆ. ಕೂರಿಸೋವಾಗಲೂ ಇದೇ ಸುಲಭ, ಮೂರೂವರೆ ಕೆಜಿ ಸ್ಪೀಕರನ್ನ ಬೋಲ್ಟಿಗೆ ನೇತುಹಾಕಿ ಎರಡೂ ಕೈಲಿ ನಟ್ ತಿರುಗಿಸಬಹುದು. ಎದುರುಬದುರು ನಟ್ಟನ್ನ ಸ್ವಲ್ಪ ಸ್ವಲ್ಪ ಬಿಗೀಬೇಕು, ಒಂದೇ ಕಡೆ ಜೋರಾಗಿ ಬಿಗಿದ್ರೆ ಚೌಕಟ್ಟು ಸೊಟ್ಟ ಆಗಿ ಕೋನಿನ ಹಿಂದಿರೋ ಕಾಯಿಲ್ ಉಜ್ಜುತ್ತೆ.

ಮೊದಲ ದಿನ ಹಿಂದಿನ ಹಲಗೆ ಪೂರ್ತಿ ಮುಚ್ಚಿ ನುಡಿಸಿದ್ವಿ. ಮುಚ್ಚಿದ ಡಬ್ಬ ಅಂದ್ರೆ ಬಿಗಿ ಬೇಸ್ ಅಂತ ನಾನೇ ಹೇಳಿದ್ದೆ. ಅವನು ನಾಲ್ಕು ಕಾರ್ಡ್ ಹೊಡೆದು ಏನೂ ಮಾತಾಡ್ಲಿಲ್ಲ. ಆಮೇಲೆ 5ನೇ ತಂತಿ ಖಾಲಿ ಬಿಟ್ಟು ಮೀಟಿದ, ಗುಂಯ್ ಅಂತು ಕೋಣೆಯೆಲ್ಲ. ಪಕ್ಕದ ಸ್ವರಗಳೆಲ್ಲ ಸುಮ್ನಿವೆ, ಈ ಎ ಒಂದೇ ಎದ್ದು ಕುಣಿಯುತ್ತೆ.

"ಏನ್ ಭಾವ ಇದು, ಒಂದೇ ಸ್ವರಕ್ಕೆ ಮೈಕ್ ಕೊಟ್ಟ ಹಾಗಿದೆಯಲ್ಲ."

"ತಡೆಯೋ, ಮೊದಲು ಅಳೆಯೋಣ" ಅಂದೆ, ಮುಖ ಉಳಿಸಿಕೊಳ್ಳಕ್ಕೆ.

ಅಳೆಯೋದು ಸುಲಭ. ಫೋನಲ್ಲಿ ಟೋನ್ ಆಪ್, ಅದರಿಂದ ಒಂದು ಹಳೇ ಸ್ಟೀರಿಯೋ ಆಂಪ್, ಅದರಿಂದ ಸ್ಪೀಕರಿಗೆ ಹೋಗೋ ದಾರಿಲಿ ಸರಣಿಯಾಗಿ ಒಂದು 100 ಓಮ್ಸ್ ರೆಸಿಸ್ಟರ್, ಸ್ಪೀಕರಿನ ಎರಡು ಕಾಲಿಗೆ ಮಲ್ಟಿಮೀಟರ್ ಎಸಿ ವೋಲ್ಟಲ್ಲಿ. ಫ್ರೀಕ್ವೆನ್ಸಿ ಮೆಲ್ಲಗೆ ಏರಿಸ್ತಾ ಹೋಗಿ, ವೋಲ್ಟೇಜ್ ಎಲ್ಲಿ ತುದಿ ಮುಟ್ಟುತ್ತೋ ಅದೇ ಸ್ಪೀಕರಿನ ರೆಸೊನೆನ್ಸ್, ಅಂದ್ರೆ ಅದು ತಾನಾಗೇ ಜೋರಾಗಿ ಅದುರೋ ಜಾಗ. ಡಬ್ಬಕ್ಕೆ ಹಾಕೋ ಮೊದಲು ಕೈಲಿ ನೇತುಹಾಕಿ ಅಳೆದಾಗ 78 ಬಂದಿತ್ತು. ಮುಚ್ಚಿದ ಡಬ್ಬದಲ್ಲಿ 109. ಒಳಗೆ ಸಿಕ್ಕಿಹಾಕ್ಕೊಂಡ ಗಾಳಿ ಸ್ಪ್ರಿಂಗ್ ತರ ಕೋನನ್ನ ಬಿಗಿ ಮಾಡೋದ್ರಿಂದ ರೆಸೊನೆನ್ಸ್ ಮೇಲೇರುತ್ತೆ, ಎಷ್ಟು ಅಂದ್ರೆ ಸ್ಪೀಕರಿನ ವಿಎಎಸ್ ಅನ್ನೋ ನಂಬರನ್ನ (ಎಷ್ಟು ಲೀಟರ್ ಗಾಳಿ ಕೋನಿನಷ್ಟೇ ಬಿಗಿ ಇರುತ್ತೆ ಅನ್ನೋದು) ಡಬ್ಬದ ಲೀಟರಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದಷ್ಟು ಪಟ್ಟು. ಖಾಲಿ ಎ ತಂತಿ 110 ಹರ್ಟ್ಜ್. ಸರಿಯಾಗಿ ಅದರ ತಲೆ ಮೇಲೇ ಕೂತಿತ್ತು! ಜೊತೆಗೆ ಈ ಆಂಪಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ, ಅಂದ್ರೆ ಹೊರಗೆ ಹೋಗೋದರಲ್ಲಿ ಒಂಚೂರು ವಾಪಸ್ ತಂದು ತಿದ್ದೋ ಏರ್ಪಾಡು ಇಲ್ಲ, ರೆಸೊನೆನ್ಸ್ ಹತ್ರ ಸ್ಪೀಕರಿನ ಓಮ್ಸ್ ಏರಿದ ಕಡೆ ಇದೂ ಜಾಸ್ತಿ ವೋಲ್ಟೇಜ್ ತಳ್ಳುತ್ತೆ, ಹಿಡಿದು ನಿಲ್ಲಿಸೋರೇ ಇಲ್ಲ. ಫೀಡ್‌ಬ್ಯಾಕ್ ಇರೋ ದೊಡ್ಡ ಆಂಪಿಗೆ ಇದೇ ಮುಚ್ಚಿದ ಡಬ್ಬ ಚೆನ್ನಾಗೇ ಕೇಳಿಸ್ತಿತ್ತೇನೋ.

ಡಬ್ಬ ದೊಡ್ಡದು ಮಾಡಕ್ಕಾಗಲ್ಲ, ಮಾಡಿದ್ರೂ ಆ ಗುಂಯ್ ಎ ಇಂದ ಇಳಿದು ಜಿ ಮೇಲೋ ಎಫ್ ಮೇಲೋ ಕೂರುತ್ತೆ ಅಷ್ಟೇ. ಹಿಂದಿನ ಹಲಗೆ ಬಿಚ್ಚಿ ಮೂರು ಪಟ್ಟಿ ಕೊಯ್ದೆ, ಮೇಲೆ 14 ಸೆಂಟಿಮೀಟರ್, ಕೆಳಗೆ 14, ಮಧ್ಯೆ 15ರದ್ದು ಒಂದು, ಜೊತೆಗೆ ಉಳಿದ ತುಂಡಲ್ಲಿ 7ರದ್ದು ಇನ್ನೊಂದು. ಅವನನ್ನ ಗೋಡೆ ಕಡೆ ಮುಖ ಮಾಡಿ ಕೂರಿಸಿ, ಹಿಂದೆ ನಾನು ಪಟ್ಟಿ ಬದಲಾಯಿಸ್ತಾ ಹೋದೆ, ಏನು ಹಾಕಿದೀನಿ ಅಂತ ಹೇಳ್ಲಿಲ್ಲ. ಮೂರೂ ಪಟ್ಟಿ ತೆಗೆದು ಪೂರ್ತಿ ಬಯಲು ಮಾಡಿದಾಗ ಗಾಳಿಯಾಡೋ ದನಿ, ಆದ್ರೆ ದಪ್ಪ ತಂತಿಗೆ ಜೀವ ಇಲ್ಲ. 7ರ ಪಟ್ಟಿ ಹಾಕಿ ಸೀಳು ಬಿಟ್ಟಾಗ ಗುಂಯ್ ಕಮ್ಮಿ ಆಗಿತ್ತು, ಹೋಗಿರ್ಲಿಲ್ಲ. ಮಧ್ಯದ 15 ಪೂರ್ತಿ ತೆಗೆದಾಗ, ಅಂದ್ರೆ ಹಿಂದಿನ ಮೂರರಲ್ಲಿ ಒಂದು ಪಾಲು ತೆರೆದಾಗ, "ಇದು, ಇದೇ ಇರ್ಲಿ, ಮುಟ್ಬೇಡಿ" ಅಂದ. ನಂಬಲಿಲ್ಲ ನಾನು, ಬೇಕಂತಲೇ ಕಲಸಿ ಕಲಸಿ ಐದು ಸುತ್ತು ಮಾಡ್ದೆ, ನಾಲ್ಕು ಸಲ ಅದನ್ನೇ ಆರಿಸಿದ. ಒಂದು ಹಲಗೆ ತುಂಡು ಒಳಗಿಟ್ಟು ಹೊರಗಿಟ್ಟರೆ ಆಗೋ ವ್ಯತ್ಯಾಸ ಅವನು ಗೋಡೆ ನೋಡ್ಕೊಂಡೇ ಹೇಳ್ತಾನೆ. ಅದೇ ಪೈನಾ ಬರ್ಚಾ ಅನ್ನೋದನ್ನ ಹಂಗೆ ಹೇಳಕ್ಕಾಗುತ್ತಾ ಅಂತ ಕೇಳಿದ್ರೆ ನಗ್ತಾನೆ, ಉತ್ತರ ಕೊಡಲ್ಲ.

ಇಲ್ಲಿಗೆ ಮುಗೀಬೇಕಿತ್ತು. ಮೂರನೇ ದಿನ ಫೋನ್. "ಭಾವ, ಜುರ್ರ್ ಅಂತಿದೆ." ಎಲ್ಲಾ ಸ್ವರಕ್ಕೂ ಅಲ್ಲ, 5ನೇ ತಂತಿಯ 2ನೇ ಫ್ರೆಟ್, ಬಿ, ಅದೊಂದಕ್ಕೇ. ಕ್ಯಾಬಿನೆಟ್ ಕಟ್ಟೋರಿಗೆ ಇದಕ್ಕಿಂತ ದೊಡ್ಡ ಶನಿ ಇಲ್ಲ. ಮೊದಲು ಆಂಪನ್ನ ಡಬ್ಬದ ಮೇಲಿಂದ ಇಳಿಸಿ ಬೇರೆ ಕುರ್ಚಿ ಮೇಲೆ ಇಟ್ವಿ, ವಾಲ್ವ್ ಅದುರೋದು ಮಾಮೂಲಿ ಅಲ್ವಾ, ಜುರ್ರ್ ಹೋಗ್ಲಿಲ್ಲ. ಫೋನಿನ ಟೋನ್ ಹಾಕಿದ್ರೆ 118ರಿಂದ 128ರ ತನಕ ಜುರ್ರ್, ಆಚೆ ಈಚೆ ಸುಮ್ನೆ. ಬಿ ಅಂದ್ರೆ 123. ಅಂದ್ರೆ ಗಿಟಾರೂ ಅಲ್ಲ ಆಂಪೂ ಅಲ್ಲ, ಡಬ್ಬನೇ. ಟೋನ್ ಹಾಗೇ ಬಿಟ್ಟು ಒಂದೊಂದೇ ಒತ್ತುತ್ತಾ ಹೋದೆ. ಹಿಡಿಕೆ ಒತ್ತಿದೆ, ಇಲ್ಲ. ಜಾಕ್ ಪ್ಲೇಟ್, ಇಲ್ಲ. ಹಿಂದಿನ ಪಟ್ಟಿಗಳು, ಇಲ್ಲ. ವೈರ್ ಕೋನಿಗೆ ತಾಗ್ತಿದೆಯಾ ಅಂತ ಎತ್ತಿ ಹಿಡಿದೆ, ಇಲ್ಲ. ಸ್ಪೀಕರೇ ಹೋಯ್ತೇನೋ ಅಂತ ಎದೆ ಡವಡವ. ಕೊನೆಗೆ ಸೋತು ಮುಂದಿನ ಹಲಗೆಯ ಎಡಗಡೆ ಕೆಳಮೂಲೆಗೆ ಮೊಣಕಾಲು ಊರಿ ಏಳಕ್ಕೆ ಹೋದೆ, ಜುರ್ರ್ ನಿಂತೋಯ್ತು. ಕಾಲು ತೆಗೆದೆ, ಶುರು. ಇಟ್ಟೆ, ನಿಂತು.

ಹಲಗೆ ಬಿಚ್ಚಿ ಟಾರ್ಚ್ ಹಾಕಿ ನೋಡಿದ್ರೆ, ಆ ಮೂಲೆಯ ರೀಪಿನ ಮೇಲೆ ಒಣಗಿದ ಅಂಟಿನ ಒಂದು ಹನಿ. ಜೋಡಿಸೋವಾಗ ಸಂದಿಯಿಂದ ಉಕ್ಕಿ ಬಂದಿದ್ದು, ಎಲ್ಲಾ ಕಡೆ ಒದ್ದೆ ಬಟ್ಟೆಲಿ ಒರೆಸಿದ್ದೆ, ಇದೊಂದು ಕಣ್ಣಿಗೆ ಬಿದ್ದಿಲ್ಲ. ಸಾಸಿವೆಕಾಳಿನಷ್ಟಿತ್ತು, ಗಾಜಿನಷ್ಟು ಗಟ್ಟಿ. ಮುಂದಿನ ಹಲಗೆ ಆ ಹನಿ ಮೇಲೆ ಕೂತು ಸುತ್ತ ಒಂದು ಕೂದಲೆಳೆಯಷ್ಟು ಸಂದಿ ಬಿಟ್ಟಿತ್ತು, ಸ್ಕ್ರೂ ಬಿಗಿಯಾಗೇ ಇತ್ತು ಆದ್ರೆ ಬಿಗಿದಿದ್ದು ಹನಿ ಮೇಲೆ, ರೀಪಿನ ಮೇಲೆ ಅಲ್ಲ. ಹಲಗೆ ಯಾವ ಸ್ವರಕ್ಕೆ ಚೆನ್ನಾಗಿ ಅದುರುತ್ತೋ ಆ ಸ್ವರಕ್ಕೆ ರೀಪಿಗೆ ಪಟಪಟ ಬಡೀತಿತ್ತು. ಉಳಿಲಿ ಒಂದು ಸಣ್ಣ ತಟ್ಟು, ಟಿಕ್ ಅಂತ ಹಾರಿ ಎಲ್ಲೋ ಬಿತ್ತು. ರೀಪಿನ ಸುತ್ತ ತೆಳು ಫೋಮ್ ಪಟ್ಟಿ ಅಂಟಿಸಿ ಹಲಗೆ ಮತ್ತೆ ಕೂರಿಸಿದೆ. 118, 123, 128, ಒಂದೇ ಸಮ ಹೂಂ ಅಂತು, ಬೇರೆ ಏನೂ ಇಲ್ಲ. ಇದನ್ನ ಹುಡುಕಕ್ಕೆ ಹಿಡಿದಿದ್ದು ಒಂದು ಮಧ್ಯಾಹ್ನ, ತೆಗೆಯಕ್ಕೆ ಒಂದು ಸೆಕೆಂಡು.

ಉಳಿದಿದ್ದು ಚಿಲ್ಲರೆ. ಗಿಟಾರಿನ ಕೇಬಲ್ಲನ್ನೇ ಆಂಪಿಂದ ಡಬ್ಬಕ್ಕೆ ಹಾಕ್ಕೊಂಡಿದ್ದ, ತೆಗೆಸಿದೆ, ಎರಡೂ ಕಡೆ ಪ್ಲಗ್ ಒಂದೇ ತರ ಇದ್ರೂ ಒಳಗೆ ಕೂದಲಿನಷ್ಟು ಸಣ್ಣ ತಂತಿ ಅದು. 5 ವ್ಯಾಟಿಗೆ 8 ಓಮ್ಸಲ್ಲಿ ಒಂದು ಆಂಪಿಯರೂ ಹರಿಯಲ್ಲ, ಸುಡಲ್ಲ, ನಿಜ, ಆದ್ರೆ ಅದೇ ಅಭ್ಯಾಸ ನಾಳೆ 50 ವ್ಯಾಟಿಗೂ ಹೋಗುತ್ತೆ. ಹಳೇ 8 ಇಂಚೂ ಹೊಸ 12 ಇಂಚೂ ಒಟ್ಟಿಗೆ ಹಾಕ್ಬಹುದಾ ಅಂತ ಕೇಳಿದ, ಪ್ಯಾರಲಲ್ ಹಾಕಿದ್ರೆ 4 ಓಮ್ಸ್, ಸೀರೀಸ್ ಹಾಕಿದ್ರೆ 16, ನಿನ್ನ ಆಂಪ್ ಕೇಳೋದು 8, ಬೇಡ ಅಂದೆ. ಆದ್ರೂ ಪ್ಲಸ್ ಮೈನಸ್ ಸರಿಯಾಗಿದೆಯಾ ಅಂತ 9 ವೋಲ್ಟ್ ಬ್ಯಾಟರಿ ಒಂದು ಕ್ಷಣ ಮುಟ್ಟಿಸಿ ನೋಡಿಟ್ಟೆ, ಪ್ಲಸ್ಸಿಗೆ ಪ್ಲಸ್ ಮುಟ್ಟಿದಾಗ ಕೋನ್ ಮುಂದಕ್ಕೆ ನೆಗೀಬೇಕು, ನೆಗೀತು.

ಇನ್ನೊಂದು ಎಡವಟ್ಟು ರೆಕಾರ್ಡಿಂಗ್ ಮಾಡುವಾಗ ಗೊತ್ತಾಯ್ತು. ಇವನು ನಿಂತ್ಕೊಂಡು ನುಡಿಸ್ತಾನೆ, ಡಬ್ಬ ನೆಲದಲ್ಲಿ, ಕಿವಿಗೆ ಮೆತ್ತಗೆ ಕೇಳ್ಸುತ್ತೆ ಅಂತ ಟೋನ್ ಏರಿಸಿಟ್ಟಿದ್ದ, ಸ್ಪೀಕರ್ ಮುಂದೆ ಮೈಕ್ ಇಟ್ಟು ಕೇಳಿದ್ರೆ ಕಿವಿ ಕೊಯ್ದ ಹಾಗೆ. 12 ಇಂಚಿನ ಸ್ಪೀಕರ್ ಮೇಲಿನ ಸ್ವರಗಳನ್ನ ಟಾರ್ಚ್ ಬೆಳಕಿನ ತರ ನೇರ ಮುಂದಕ್ಕೆ ಎಸೆಯುತ್ತೆ, ಪಕ್ಕದಲ್ಲೋ ಮೇಲೋ ನಿಂತೋನಿಗೆ ಅದು ಸಿಗಲ್ಲ. ಡಬ್ಬದ ಮುಂದಿನ ಅಂಚಿನ ಕೆಳಗೆ ಒಂದು ತುಂಡು ರೀಪು ಇಟ್ಟು ಹಿಂದಕ್ಕೆ ವಾಲಿಸಿದ್ವಿ, ದನಿ ಮುಖಕ್ಕೆ ಬಂತು, ಟೋನ್ ನಾಬನ್ನ ಅವನೇ ಅರ್ಧಕ್ಕೆ ಇಳಿಸಿಕೊಂಡ.

ಒಟ್ಟು 16 ಕೆಜಿ ಬಂದಿದೆ, ಬಟ್ಟೆ ಹೊದಿಕೆ ಇನ್ನೂ ಹಾಕಿಲ್ಲ, ಪ್ಲೈ ಪದರಗಳು ಹಾಗೇ ಕಾಣ್ತಾವೆ. ಮಧ್ಯದ ಪಟ್ಟಿಗೆ ಸ್ಕ್ರೂ ಬದಲು ರೆಕ್ಕೆ ನಟ್ ಹಾಕ್ಕೊಟ್ಟಿದೀನಿ, ಸ್ಕ್ರೂಡ್ರೈವರ್ ಇಲ್ದೇನೇ ತೆಗೆದು ಹಾಕ್ಬಹುದು. ಹೋದ ತಿಂಗಳು ನೋಡಿದ್ರೆ ಹಿಂದೆ ರೀಪಿನ ಮೇಲೆ ಪೆನ್ಸಿಲಲ್ಲಿ ಎರಡು ಗೆರೆ ಎಳ್ಕೊಂಡಿದಾನೆ, ಮಧ್ಯದ 15 ಪೂರ್ತಿ ತೆರೆದಿದ್ದಕ್ಕೆ "ಮನೆ" ಅಂತ, 7ರ ಪಟ್ಟಿ ಕೂರೋ ಜಾಗಕ್ಕೆ "ಡ್ರಮ್ಸ್ ಇದ್ರೆ" ಅಂತ.